ನಿಧಿ ಸಂಗ್ರಹದಿಂದ ನಾಯಕತ್ವ: ಉದ್ಯೋಗಸ್ಥ ಯುವಜನರು ಶುರು ಮಾಡುವುದು ಹೇಗೆ?

ಕೆಲಸಕ್ಕೆ ಸೇರಿ ಮೂರ್ನಾಲ್ಕು ವರ್ಷ ಕಳೆದ ಯುವಕ ಯುವತಿಯರಲ್ಲಿ ಅನೇಕರನ್ನು ಒಂದು ಕೊರತೆ ಕಾಡುತ್ತದೆ. ತಮ್ಮ ಕೆಲಸವನ್ನು ಅವರು ಚೆನ್ನಾಗಿ ಬಲ್ಲರು. ಆದರೆ ಅಪರಿಚಿತರ ಮುಂದೆ ನಿಂತು ಒಂದು ವಿಷಯವನ್ನು ಮನವರಿಕೆ ಮಾಡಿಕೊಡುವ, ಸಂಬಳದ ಹಂಗಿಲ್ಲದ ಹತ್ತು ಜನರನ್ನು ಕೂಡಿಸಿಕೊಂಡು ಒಂದು ಕೆಲಸವನ್ನು ದಡ ಮುಟ್ಟಿಸುವ ಅವಕಾಶ ಕಚೇರಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಈ ಕೊರತೆಯನ್ನು ನೀಗಿಸಲು ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಒಳ್ಳೆಯ ಕೆಲಸಕ್ಕೆ ಬೇಕಾದ ಹಣವನ್ನು ಊರವರಿಂದ ಕೇಳಿ ಪಡೆದು, ಖರ್ಚು ಮಾಡಿ, ಪೈಸೆ ಪೈಸೆಗೂ ಲೆಕ್ಕ ಒಪ್ಪಿಸುವ ಹೊಣೆಯನ್ನು ಒಂದು ವರ್ಷ ಹೊತ್ತುಕೊಳ್ಳುವುದು ಅದಕ್ಕಿಂತ ಎಷ್ಟೋ ಆಳವಾದ ತರಬೇತಿ. ಅದನ್ನು ಕ್ರಮವಾಗಿ ಹೇಗೆ ಮಾಡಬಹುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಯಾವ ಸಂಸ್ಥೆಯನ್ನು ಸೇರಬೇಕು?

ಯುವಜನರ ನಾಯಕತ್ವವನ್ನೂ ಸಮಾಜಸೇವೆಯನ್ನೂ ಒಟ್ಟಿಗೆ ಬೆಸೆದ ಸಂಸ್ಥೆಗಳಿಗೆ ನೂರು ವರ್ಷಕ್ಕೂ ಮೀರಿದ ಇತಿಹಾಸವಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ 1915ರಲ್ಲಿ ಹೆನ್ರಿ ಗೀಸನ್‌ಬಿಯರ್ ಎಂಬ ಯುವಕ ತನ್ನ ಓರಗೆಯವರನ್ನು ಸೇರಿಸಿ ಕಟ್ಟಿದ ಸಂಘಟನೆಯೇ ಮುಂದೆ ಜೂನಿಯರ್ ಚೇಂಬರ್ ಇಂಟರ್‌ನ್ಯಾಷನಲ್ ಆಯಿತು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜನ ಜೇಸಿ ಎಂದು ಕರೆಯುವುದು ಇದನ್ನೇ. 18ರಿಂದ 40 ವರ್ಷದೊಳಗಿನ ಸ್ತ್ರೀ ಪುರುಷರಿಬ್ಬರಿಗೂ ಇಲ್ಲಿ ಅವಕಾಶವಿದೆ. ರೋಟರಿಯ ಆಶ್ರಯದಲ್ಲಿರುವ ರೋಟರಾಕ್ಟ್ 1968ರಲ್ಲಿ ಅಮೆರಿಕದ ಶಾರ್ಲೆಟ್ ನಗರದಲ್ಲಿ ಆರಂಭವಾಯಿತು. ಅದರ ಸದಸ್ಯತ್ವಕ್ಕಿದ್ದ 30 ವರ್ಷದ ವಯೋಮಿತಿಯನ್ನು 2020ರಲ್ಲಿ ತೆಗೆದುಹಾಕಲಾಯಿತು. ಇಂಗ್ಲೆಂಡಿನ ನಾರಿಚ್‌ನಲ್ಲಿ 1927ರಲ್ಲಿ ಲೂಯಿ ಮಾರ್ಕೇಸಿ ಎಂಬವರು ಸ್ಥಾಪಿಸಿದ ರೌಂಡ್ ಟೇಬಲ್‌ನ ಭಾರತದ ಶಾಖೆ, ಶಾಲಾ ಕೊಠಡಿಗಳನ್ನು ಕಟ್ಟಿಸಿಕೊಡುವುದನ್ನೇ ತನ್ನ ಮುಖ್ಯ ಸೇವೆಯನ್ನಾಗಿ ಮಾಡಿಕೊಂಡಿದೆ.

ಹೆಸರಿಗಿಂತ ನಿಮ್ಮೂರಿನ ಘಟಕ ಹೇಗಿದೆ ಎಂಬುದು ಮುಖ್ಯ. ಸದಸ್ಯತ್ವದ ಅರ್ಜಿ ತುಂಬುವ ಮೊದಲು ಎರಡು ಮೂರು ಸಭೆಗಳಿಗೆ ಅತಿಥಿಯಾಗಿ ಹೋಗಿ ಕುಳಿತುಕೊಳ್ಳಿ. ಕಳೆದ ವರ್ಷ ಮಾಡಿದ ಒಂದು ಕೆಲಸದ ಜಮಾ ಖರ್ಚು ನೋಡಬಹುದೇ ಎಂದು ವಿನಯದಿಂದ ಕೇಳಿ. ಕೇಳಿದ ಕೂಡಲೇ ಕಾಗದ ತೋರಿಸುವ ಘಟಕದಲ್ಲಿ ಕಲಿಯುವುದಕ್ಕೆ ಬೇಕಾದಷ್ಟಿರುತ್ತದೆ. ವೇದಿಕೆ, ಶಾಲು, ಹಾರ, ಸ್ಮರಣಿಕೆಗಳಲ್ಲಿಯೇ ವರ್ಷದ ಬಹುಪಾಲು ಹಣ ಮುಗಿಯುವ ಘಟಕವಾದರೆ ಬೇರೊಂದನ್ನು ಹುಡುಕುವುದು ಒಳ್ಳೆಯದು.

ಹೊಣೆಯನ್ನು ಕೇಳಿ ಪಡೆಯಿರಿ

ಈ ಸಂಸ್ಥೆಗಳ ಒಂದು ದೊಡ್ಡ ಗುಣವೆಂದರೆ ಪದಾಧಿಕಾರಿಗಳು ವರ್ಷಕ್ಕೊಮ್ಮೆ ಬದಲಾಗುವುದು. ಜೇಸಿಯಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ, ರೋಟರಾಕ್ಟ್‌ನಲ್ಲಿ ಜುಲೈಯಿಂದ ಜೂನ್‌ವರೆಗೆ ಒಂದು ತಂಡದ ಅವಧಿ. ಹೀಗಾಗಿ ಹೊಸಬರಿಗೂ ಬೇಗ ಅವಕಾಶ ಬರುತ್ತದೆ. ಪದಗ್ರಹಣಕ್ಕೆ ಎರಡು ತಿಂಗಳಿರುವಾಗಲೇ ಮುಂದಿನ ಅಧ್ಯಕ್ಷರನ್ನು ಕಂಡು, ಒಂದು ಯೋಜನೆಯ ನಿರ್ದೇಶಕರಾಗಲು ಅಥವಾ ಕೋಶಾಧಿಕಾರಿಗೆ ನೆರವಾಗಲು ಸಿದ್ಧ ಎಂದು ತಿಳಿಸಿ. ಮೊದಲ ವರ್ಷವೇ ಅಧ್ಯಕ್ಷ ಸ್ಥಾನದ ಮೇಲೆ ಕಣ್ಣಿಡುವುದು ಬೇಡ. ಮಾತು ಬರುವುದಿಲ್ಲ ಎಂದು ಹಿಂಜರಿಯುವವರು ಯೋಜನಾ ನಿರ್ದೇಶಕರಾಗಬೇಕು, ಹಣದ ಶಿಸ್ತು ಇಲ್ಲದವರು ಕೋಶಾಧಿಕಾರಿಯ ಪಕ್ಕ ಕುಳಿತುಕೊಳ್ಳಬೇಕು. ತನಗೆ ಈಗಾಗಲೇ ಬರುವ ಕೆಲಸವನ್ನೇ ಇಲ್ಲಿಯೂ ಆರಿಸಿಕೊಂಡರೆ ಬೆಳವಣಿಗೆಗೆ ಎಡೆಯಿರುವುದಿಲ್ಲ.

ಉದ್ದೇಶವನ್ನು ಸ್ಥಳಕ್ಕೆ ಹೋಗಿ ಅಳೆಯಿರಿ

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಾಲ್ಲೂಕು ಕೇಂದ್ರದ ಒಂದು ಘಟಕ, ಹತ್ತಿರದ ಸರ್ಕಾರಿ ಪ್ರೌಢಶಾಲೆಯ ಹೆಣ್ಣುಮಕ್ಕಳಿಗೆ ಶೌಚಾಲಯ ಕಟ್ಟಿಸಿಕೊಡಲು ಮನಸ್ಸು ಮಾಡಿದೆ ಎಂದಿಟ್ಟುಕೊಳ್ಳಿ. ಇಂಥ ನಿರ್ಧಾರ ಸಭೆಯಲ್ಲಿ ಐದು ನಿಮಿಷದಲ್ಲಿ ಆಗಿಬಿಡುತ್ತದೆ, ನಿಜವಾದ ಕೆಲಸ ಶುರುವಾಗುವುದು ಮರುದಿನ. ಮುಖ್ಯೋಪಾಧ್ಯಾಯರನ್ನೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರನ್ನೂ ಭೇಟಿಯಾಗಿ, ಹಳೆಯ ಶೌಚಾಲಯ ಏಕೆ ಬಳಕೆಯಲ್ಲಿಲ್ಲ ಎಂದು ವಿಚಾರಿಸಬೇಕು. ಕಟ್ಟಡ ಚೆನ್ನಾಗಿಯೇ ಇದ್ದು, ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ನೀರೇ ಇಲ್ಲದಿರಬಹುದು. ನೀರಿದ್ದರೂ ತೊಳೆಯುವವರಿಗೆ ತಿಂಗಳ ಸಂಬಳ ಕೊಡಲು ದಾರಿಯಿಲ್ಲದಿರಬಹುದು. ಬಾಗಿಲಿಗೆ ಒಳಗಿನಿಂದ ಚಿಲಕವಿಲ್ಲ ಎಂಬ ಒಂದೇ ಕಾರಣಕ್ಕೆ ಮಕ್ಕಳು ಹೋಗದಿರಬಹುದು. ಇದನ್ನು ತಿಳಿಯಲು ಹುಡುಗಿಯರೊಂದಿಗೆ ಶಾಲೆಯ ಶಿಕ್ಷಕಿಯೊಬ್ಬರು ಮಾತನಾಡಿ ಹೇಳುವುದೇ ಸರಿಯಾದ ಕ್ರಮ.

ನಾಲ್ಕು ಹೊಸ ಗೋಡೆಗಳಿಗೆ ಬದಲು ಒಂದು ನೀರಿನ ಟ್ಯಾಂಕು, ಪೈಪು, ಬಾಗಿಲು, ಚಿಲಕ ಹಾಗೂ ಎರಡು ವರ್ಷದ ಶುಚಿತ್ವದ ವೆಚ್ಚವೇ ಆ ಶಾಲೆಯ ಅಗತ್ಯವೆಂದು ಗೊತ್ತಾದರೆ, ಫೋಟೋದಲ್ಲಿ ಅದು ಅಷ್ಟು ಚೆನ್ನಾಗಿ ಕಾಣದಿದ್ದರೂ ಅದನ್ನೇ ಮಾಡಬೇಕು. ತಾನು ಕೊಡಬಯಸಿದ್ದಕ್ಕಿಂತ ಅವರಿಗೆ ಬೇಕಾದದ್ದು ದೊಡ್ಡದು ಎಂದು ಒಪ್ಪಿಕೊಳ್ಳುವ ಮನಸ್ಸು ನಾಯಕನಾಗುವವನಲ್ಲಿ ಇಲ್ಲಿಯೇ ಹುಟ್ಟುತ್ತದೆ. ಆನಂತರ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಲಿಖಿತ ಮನವಿ ಕೊಟ್ಟು ಅನುಮತಿ ಪಡೆಯಿರಿ. ಎಂಜಿನಿಯರ್ ಒಬ್ಬರಿಂದ ಅಂದಾಜು ಪಟ್ಟಿ ಬರೆಸಿಕೊಳ್ಳಿ. ಈ ಎರಡು ಕಾಗದಗಳು ಕೈಗೆ ಬರುವವರೆಗೆ ಯಾರಿಂದಲೂ ಒಂದು ರೂಪಾಯಿಯನ್ನೂ ಕೇಳಬಾರದು.

ಮೊತ್ತವನ್ನು ಒಡೆದು ನೋಡಿ

ಅಂದಾಜು 3 ಲಕ್ಷ ರೂಪಾಯಿ ಬಂತು ಎನ್ನೋಣ. ಮುನ್ನೂರು ಜನರಿಂದ ತಲಾ ಸಾವಿರ ಎಂದು ಲೆಕ್ಕ ಹಾಕುವುದು ಸುಲಭ, ಕೂಡಿಸುವುದು ಬಹಳ ಕಷ್ಟ. ಅದಕ್ಕೆ ಬದಲಾಗಿ ಸ್ಥಳೀಯ ಉದ್ಯಮವೊಂದರಿಂದ 50 ಸಾವಿರ, ಊರಿನ ನಾಲ್ವರು ಅನುಕೂಲಸ್ಥರಿಂದ ತಲಾ 25 ಸಾವಿರ, ಶಾಲೆಯ ಹತ್ತು ಮಂದಿ ಹಳೆಯ ವಿದ್ಯಾರ್ಥಿಗಳಿಂದ ತಲಾ 5 ಸಾವಿರ, ಸದಸ್ಯರ ಐವತ್ತು ಮಂದಿ ಬಂಧುಮಿತ್ರರಿಂದ ತಲಾ ಸಾವಿರ, ಉಳಿದ 50 ಸಾವಿರ ಒಂದು ಸಹಾಯಾರ್ಥ ಪ್ರದರ್ಶನದಿಂದ ಎಂದು ಬರೆದುಕೊಂಡರೆ ಯಾರ ಮನೆಗೆ ಯಾರು ಹೋಗಬೇಕು ಎಂಬುದು ತಾನಾಗಿ ಸ್ಪಷ್ಟವಾಗುತ್ತದೆ. ಪಟ್ಟಿಯ ಪ್ರತಿ ಹೆಸರಿನ ಮುಂದೆ ಅವರನ್ನು ಬಲ್ಲ ಸದಸ್ಯರ ಹೆಸರನ್ನೂ ಭೇಟಿಯ ದಿನಾಂಕವನ್ನೂ ಬರೆಯಿರಿ. ಮೊದಲ ದೇಣಿಗೆ ಘಟಕದ ಸದಸ್ಯರಿಂದಲೇ ಬರಬೇಕು. ತಾನು ಐನೂರು ರೂಪಾಯಿಯಾದರೂ ಕೊಟ್ಟಿದ್ದೇನೆ ಎನ್ನಬಲ್ಲವನ ಮಾತಿಗೆ ಇರುವ ತೂಕ ಬೇರೆ.

ಕೇಳುವುದು

ಇಡೀ ಕಾರ್ಯಕ್ರಮದಲ್ಲಿ ಮನುಷ್ಯನನ್ನು ಅತಿ ಹೆಚ್ಚು ಬೆಳೆಸುವ ಭಾಗ ಇದು, ಅತಿ ಹೆಚ್ಚು ಜನ ತಪ್ಪಿಸಿಕೊಳ್ಳುವ ಭಾಗವೂ ಇದೇ. ಕೈಚಾಚಬಾರದು ಎಂದು ಮನೆಯಲ್ಲಿ ಕಲಿತು ಬಂದ ನಮಗೆ ದುಡ್ಡು ಕೇಳುವುದೆಂದರೆ ಸಂಕೋಚ ಸಹಜ. ಆದರೆ ನಮ್ಮ ನಾಡಿನಲ್ಲಿ ಜಾತ್ರೆ, ಅನ್ನದಾನ, ವಿದ್ಯಾರ್ಥಿನಿಲಯ, ಶಾಲೆ ಇವೆಲ್ಲ ನಡೆದು ಬಂದಿರುವುದು ಊರ ವಂತಿಗೆಯಿಂದಲೇ. ತನಗಾಗಿ ಬೇಡುವುದೂ ಊರಿನ ಮಕ್ಕಳಿಗಾಗಿ ಕೇಳುವುದೂ ಒಂದೇ ಅಲ್ಲ ಎಂಬುದು ಮನಸ್ಸಿಗೆ ನಾಟಿದ ದಿನ ದನಿ ಗಟ್ಟಿಯಾಗುತ್ತದೆ.

ಸಂದೇಶ ಕಳಿಸುವುದಕ್ಕಿಂತ ಮುಖತಃ ಭೇಟಿಯೇ ಮೇಲು. ಫೋನ್ ಮಾಡಿ ಸಮಯ ಕೇಳಿ, ಇಬ್ಬರಾಗಿ ಹೋಗಿ. ಹಾರ್ಡ್‌ವೇರ್ ಅಂಗಡಿಯ ಮಾಲೀಕರ ಬಳಿ ಹೋಗುವುದಾದರೆ ಬೆಳಿಗ್ಗೆ ಅಂಗಡಿ ತೆರೆದು ಪೂಜೆ ಮುಗಿಸುವ ಹೊತ್ತು ಬೇಡ, ಗಿರಾಕಿಗಳಿರುವ ಸಂಜೆಯೂ ಬೇಡ, ಮಧ್ಯಾಹ್ನದ ಬಿಡುವಿನಲ್ಲಿ ಹೋಗಿ. ಶಾಲೆಯ ಈಗಿನ ಸ್ಥಿತಿಯ ಒಂದು ಫೋಟೋ, ಅಂದಾಜು ಪಟ್ಟಿ, ಇಲಾಖೆಯ ಅನುಮತಿ ಪತ್ರ ಇಷ್ಟೇ ಕೈಯಲ್ಲಿರಲಿ. ಕುಶಲ ವಿಚಾರಿಸಿ, ವಿಷಯವನ್ನು ನಾಲ್ಕು ಮಾತಿನಲ್ಲಿ ತಿಳಿಸಿ, ಮೊತ್ತವನ್ನು ಬಾಯಿಬಿಟ್ಟು ಹೇಳಿ: “ಸರ್, ಟ್ಯಾಂಕು, ಪೈಪು, ಫಿಟ್ಟಿಂಗ್ ಎಲ್ಲ ಸೇರಿ 25 ಸಾವಿರ ಆಗುತ್ತದೆ. ಈ ಭಾಗವನ್ನು ತಾವು ವಹಿಸಿಕೊಳ್ಳಬೇಕು ಎಂದು ಕೇಳಲು ಬಂದಿದ್ದೇವೆ.” ಇಷ್ಟು ಹೇಳಿ ಸುಮ್ಮನಾಗಿಬಿಡಿ. ಆ ಕೆಲವು ಕ್ಷಣಗಳ ಮೌನವನ್ನು ತಾಳಲಾರದೆ “ಎಷ್ಟಾದರೂ ಪರವಾಗಿಲ್ಲ ಸರ್, ತಮಗೆ ತೋಚಿದಷ್ಟು” ಎಂದು ನಾವೇ ಇಳಿಸಿಬಿಟ್ಟರೆ ಐನೂರರ ನೋಟೊಂದನ್ನು ಹಿಡಿದು ಹಿಂತಿರುಗಬೇಕಾಗುತ್ತದೆ. “ದುಡ್ಡು ಆಗುವುದಿಲ್ಲಮ್ಮ, ಸಾಮಾನು ಬೇಕಾದರೆ ಅಸಲು ಬೆಲೆಗೆ ಕೊಡುತ್ತೇನೆ” ಎಂದು ಅವರು ಹೇಳಿದರೆ ಅದನ್ನೂ ಸಂತೋಷದಿಂದ ಸ್ವೀಕರಿಸಿ, ಉಳಿತಾಯವಾದ ಮೊತ್ತವನ್ನು ಅವರ ಹೆಸರಿನಲ್ಲಿಯೇ ಬರೆದುಕೊಳ್ಳಿ.

ಭೇಟಿಗೆ ಹೊರಡುವ ಮೊದಲು ಸಭೆಯಲ್ಲಿ ಒಬ್ಬರು ದಾನಿಯಾಗಿ, ಇನ್ನೊಬ್ಬರು ಕೇಳುವವರಾಗಿ ಅಭ್ಯಾಸ ಮಾಡುವುದು ತುಂಬ ಉಪಯುಕ್ತ. “ಹೋದ ವರ್ಷ ಕೊಟ್ಟ ದುಡ್ಡು ಏನಾಯಿತು?”, “ಸರ್ಕಾರ ಮಾಡಬೇಕಾದ ಕೆಲಸ ನೀವೇಕೆ ಮಾಡುತ್ತೀರಿ?” ಎಂಬ ಪ್ರಶ್ನೆಗಳು ಬಂದೇ ಬರುತ್ತವೆ. ಎರಡನೆಯ ಪ್ರಶ್ನೆ ನ್ಯಾಯವಾದದ್ದು. ಸರ್ಕಾರದ ಹೊಣೆ ತಪ್ಪುವುದಿಲ್ಲ, ಅನುದಾನಕ್ಕೆ ಮನವಿಯನ್ನೂ ಕೊಟ್ಟಿದ್ದೇವೆ, ಅದು ಬರುವವರೆಗೆ ಈಗಿನ ಮಕ್ಕಳು ಕಾಯಬಾರದು ಎಂದು ಪ್ರಾಮಾಣಿಕವಾಗಿ ಹೇಳಿ, ಹಾಗೆ ಮನವಿಯನ್ನು ನಿಜವಾಗಿ ಕೊಟ್ಟಿರಿ. ಇಲ್ಲ ಎಂದವರಿಗೂ ಕೈಮುಗಿದು, ಕೆಲಸ ಮುಗಿದ ಮೇಲೆ ನೋಡಲು ಬನ್ನಿ ಎಂದು ಕರೆದು ಬರಬೇಕು. ನಿರಾಕರಣೆಯನ್ನು ಅವಮಾನವೆಂದು ತಿಳಿಯದೆ ಮುಂದಿನ ಬಾಗಿಲಿಗೆ ನಡೆಯುವ ಈ ಅಭ್ಯಾಸ, ಉದ್ಯೋಗದಲ್ಲಿ ಗ್ರಾಹಕರನ್ನು ಕಾಣುವಾಗ, ಮೇಲಧಿಕಾರಿಯ ಮುಂದೆ ಒಂದು ಪ್ರಸ್ತಾವ ಇಡುವಾಗ ಕೈಹಿಡಿಯುತ್ತದೆ.

ಸಹಾಯಾರ್ಥ ಪ್ರದರ್ಶನ

ಯಕ್ಷಗಾನ, ನಾಟಕ, ಸಂಗೀತ ಸಂಜೆ ಯಾವುದೇ ಆಗಲಿ, ಕೂಡಿದ ಹಣ ಬೇರೆ, ಉಳಿದ ಹಣ ಬೇರೆ. ಟಿಕೆಟ್‌ನಿಂದ 90 ಸಾವಿರ ಬಂದರೂ ಸಭಾಭವನದ ಬಾಡಿಗೆ 18 ಸಾವಿರ, ಕಲಾವಿದರ ಸಂಭಾವನೆ 15 ಸಾವಿರ, ಧ್ವನಿ ಬೆಳಕಿಗೆ 7 ಸಾವಿರ ಹೋದರೆ ಶಾಲೆಗೆ ಮುಟ್ಟುವುದು 50 ಸಾವಿರ. ಕಲಾವಿದರ ಸಂಭಾವನೆಯನ್ನು ಸೇವೆಯ ಹೆಸರಿನಲ್ಲಿ ಕಡಿಮೆ ಮಾಡಲು ಹೋಗಬೇಡಿ, ಅದು ಅವರ ಅನ್ನ. ಭವನದ ಬಾಡಿಗೆಗೆ ಪ್ರಾಯೋಜಕರನ್ನು ಹುಡುಕಿ. ಅಕ್ಟೋಬರ್ 2ರಿಂದ 8ರವರೆಗೆ ದೇಶದ ಅನೇಕ ಕಡೆ ದಾನ ಉತ್ಸವ ನಡೆಯುತ್ತದೆ, ಆ ವಾರವನ್ನು ಆರಿಸಿಕೊಂಡರೆ ಕಂಪನಿಗಳ ಗಮನ ಸೆಳೆಯುವುದು ಸ್ವಲ್ಪ ಸುಲಭ.

ರಶೀದಿ, ತೆರಿಗೆ, ವಿದೇಶದ ಹಣ

ದೇಣಿಗೆಯನ್ನು ಯಾವ ಸದಸ್ಯರೂ ತಮ್ಮ ಸ್ವಂತ ಯುಪಿಐ ಸಂಖ್ಯೆಗೆ ಹಾಕಿಸಿಕೊಳ್ಳಬಾರದು. ಎಷ್ಟೇ ಆತುರವಿದ್ದರೂ ಇದು ಮುರಿಯಬಾರದ ನಿಯಮ. ಇಬ್ಬರ ಸಹಿ ಬೇಕಾಗುವ ಘಟಕದ ಖಾತೆಗೇ ಹಣ ಬರಲಿ. ಕ್ರಮಸಂಖ್ಯೆ ಇರುವ ರಶೀದಿ ಪುಸ್ತಕ ಅಚ್ಚು ಹಾಕಿಸಿ, ಯಾರಿಗೆ ಯಾವ ಪುಸ್ತಕ ಕೊಟ್ಟಿದೆ ಎಂದು ಬರೆದಿಟ್ಟು, ಹಾಳಾದ ರಶೀದಿಯನ್ನೂ ಹರಿದೊಗೆಯದೆ “ರದ್ದು” ಎಂದು ಬರೆದು ಪುಸ್ತಕದಲ್ಲಿಯೇ ಉಳಿಸಿ. ಅನುಮಾನ ಒಮ್ಮೆ ಹುಟ್ಟಿದರೆ ಒಳ್ಳೆಯ ಕೆಲಸ ಮಾಡಿದವರ ಹೆಸರೂ ಕೆಡುತ್ತದೆ.

ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ (ಜನ 80ಜಿ ಎಂದು ಕರೆಯುವುದು ಇದನ್ನೇ) ಸಿಗುತ್ತದೆಯೇ ಎಂದು ದಾನಿಗಳು ಕೇಳುತ್ತಾರೆ. ಆದಾಯ ತೆರಿಗೆ ಇಲಾಖೆಯ ಅನುಮೋದನೆ ಇರುವ ಟ್ರಸ್ಟ್ ಅಥವಾ ಸಂಸ್ಥೆಯ ಹೆಸರಿಗೆ ಹಣ ಹೋದರೆ ಮಾತ್ರ ಅದು ಸಾಧ್ಯ. ನಿಮ್ಮ ಘಟಕಕ್ಕೆ ಅನುಮೋದನೆ ಇಲ್ಲದಿದ್ದರೆ ಅದನ್ನು ಮೊದಲೇ ಹೇಳಿಬಿಡಿ, ಅಥವಾ ಅನುಮೋದನೆಯಿರುವ ಟ್ರಸ್ಟ್ ಜೊತೆ ಬರಹದ ಒಪ್ಪಂದ ಮಾಡಿಕೊಳ್ಳಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದೇಣಿಗೆಗೆ ಈ ವಿನಾಯಿತಿ ಇಲ್ಲ. ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಉದ್ಯೋಗಿಗಳಿಗೂ ಇದು ಅನ್ವಯಿಸುವುದಿಲ್ಲ.

ಹೊರದೇಶದಲ್ಲಿರುವ ಹಳೆಯ ವಿದ್ಯಾರ್ಥಿಗಳು ಕೊಡಲು ಮುಂದೆ ಬಂದಾಗ ಇನ್ನೂ ಹೆಚ್ಚಿನ ಎಚ್ಚರ ಬೇಕು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡವರು ತಮ್ಮ ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ವಂತಿಗೆ ಎನಿಸುವುದಿಲ್ಲ. ಆದರೆ ಅಮೆರಿಕದ್ದೋ ಬ್ರಿಟನ್ನಿನದೋ ಪೌರತ್ವ ಪಡೆದವರ ಹಣ, ಅವರು ನಿಮ್ಮ ಸ್ವಂತ ಊರಿನವರೇ ಆಗಿದ್ದರೂ, ಕಾನೂನಿನ ಕಣ್ಣಿನಲ್ಲಿ ವಿದೇಶಿ ವಂತಿಗೆಯೇ. ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯಡಿ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಘಟಕ ಅದನ್ನು ಪಡೆಯುವಂತಿಲ್ಲ.

ಕೆಲಸ ಮುಗಿದ ಮೇಲೆ

ಉದ್ಘಾಟನೆಯಾದ ಹದಿನೈದು ದಿನದೊಳಗೆ ಪ್ರತಿ ದಾನಿಗೂ ಒಂದು ಪುಟದ ಜಮಾ ಖರ್ಚು, ಕೆಲಸ ಮುಗಿದ ಫೋಟೋ, ಮುಖ್ಯೋಪಾಧ್ಯಾಯರ ಪತ್ರ ತಲುಪಿಸಿ. ಸಾವಿರ ಕೊಟ್ಟವರಿಗೂ 50 ಸಾವಿರ ಕೊಟ್ಟವರಿಗೂ ಒಂದೇ ವರದಿ ಹೋಗಲಿ. ಹಣ ಉಳಿದಿದ್ದರೆ ಎಷ್ಟು ಉಳಿಯಿತು, ಯಾವುದಕ್ಕೆ ಬಳಸುತ್ತೀರಿ ಎಂದೂ ಬರೆಯಿರಿ. ನಿಮ್ಮ ಅವಧಿ ಮುಗಿದು ಹೊಸ ತಂಡ ಪದಗ್ರಹಣ ಮಾಡುವಾಗ ಅನುಮತಿ ಪತ್ರ, ಅಂದಾಜು ಪಟ್ಟಿ, ರಶೀದಿ ಪುಸ್ತಕಗಳು, ದಾನಿಗಳ ಪಟ್ಟಿ, ಶುಚಿತ್ವದ ವೆಚ್ಚಕ್ಕೆಂದು ಮೀಸಲಿಟ್ಟ ಹಣದ ವಿವರ, ಇಲ್ಲ ಎಂದವರ ಹೆಸರು ಮತ್ತು ಅವರು ಕೊಟ್ಟ ಕಾರಣ ಇವೆಲ್ಲವೂ ಒಂದೇ ಕಡತದಲ್ಲಿ ಸೇರಿ ಮುಂದಿನ ಯೋಜನಾ ನಿರ್ದೇಶಕರ ಕೈಗೆ ಹೋಗಬೇಕು. ಅವರನ್ನು ಒಂದು ದಿನ ಶಾಲೆಗೆ ಕರೆದುಕೊಂಡು ಹೋಗಿ ಮುಖ್ಯೋಪಾಧ್ಯಾಯರಿಗೆ ಪರಿಚಯಿಸಿ, ಟ್ಯಾಂಕಿನಲ್ಲಿ ನೀರಿದೆಯೇ, ಚಿಲಕ ಬೀಳುತ್ತದೆಯೇ ಎಂದು ಇಬ್ಬರೂ ಸೇರಿ ಪರೀಕ್ಷಿಸಿ.