ಮ್ಯಾಗ್ನೆಟ್ ಕಿತ್ತ ಮೇಲೆ

ನನ್ನ ಹತ್ತಿರ ಈಗ ಇಪ್ಪತ್ತಾರು ಸ್ಲಾಟ್ ಕಾರುಗಳಿವೆ, ಅಂದರೆ ಕರೆಂಟಿನಲ್ಲಿ ಓಡುವ ಪುಟ್ಟ ರೇಸ್ ಕಾರಿನ ಮಾಡೆಲ್‌ಗಳು. ಹತ್ತೊಂಬತ್ತು ಓಡುತ್ತವೆ. ಉಳಿದ ಏಳರ ವಿಷಯ ಕೇಳಬೇಡಿ, ಒಂದೊಂದಕ್ಕೂ ಒಂದೊಂದು ಕಾಯಿಲೆ.

ಇದೇನು ಅಂತ ಗೊತ್ತಿಲ್ಲದವರಿಗೆ ಎರಡು ಮಾತು. ಟ್ರ್ಯಾಕ್ ಉದ್ದಕ್ಕೂ ಒಂದು ಸಣ್ಣ ಸೀಳು, ಅದರ ಎರಡೂ ಪಕ್ಕ ಲೋಹದ ಪಟ್ಟಿ. ಕಾರಿನ ಮೂತಿ ಕೆಳಗಿನ ಗೈಡ್ ಆ ಸೀಳಿನಲ್ಲಿ ಕೂರುತ್ತದೆ. ಗೈಡಿಗೆ ಅಂಟಿಕೊಂಡ ಬ್ರೇಡ್, ಅಂದರೆ ತಾಮ್ರದ ಎಳೆ ಹೆಣೆದ ಪಟ್ಟಿ, ಲೋಹ ಸವರುತ್ತಾ ಮೋಟಾರಿಗೆ ಕರೆಂಟ್ ಕೊಡುತ್ತದೆ. ಸ್ಟೀರಿಂಗ್ ಇಲ್ಲ. ಕೈಯಲ್ಲಿ ಟ್ರಿಗರ್ ಒಂದೇ. ಬ್ರಿಟನ್ನಿನ ಫ್ರೆಡ್ ಫ್ರಾನ್ಸಿಸ್ ಮೊದಲು ಕೀಲಿ ಕೊಡುವ ತಗಡಿನ ಕಾರು ಮಾಡುತ್ತಿದ್ದವರು. ಅದಕ್ಕೇ ಮೋಟಾರ್ ಕೂರಿಸಿ 1957ರಲ್ಲಿ ಸ್ಕೇಲೆಕ್ಸ್‌ಟ್ರಿಕ್ ಅಂತ ತಂದರು.

ಶುರುವಿನಲ್ಲಿ ನಾನು ಕಣ್ಣಿಗೆ ಚೆಂದ ಕಂಡಿದ್ದನ್ನೆಲ್ಲ ಕೊಳ್ಳುತ್ತಿದ್ದೆ. ಡಬ್ಬಿಗಳು ಜಾಸ್ತಿಯಾದವು, ಖುಷಿ ಜಾಸ್ತಿಯಾಗಲಿಲ್ಲ. ಆಮೇಲೆ ಒಂದು ಕಟ್ಟು ಹಾಕಿಕೊಂಡೆ: 1:32 ಅಳತೆ (ನಿಜವಾದ ಕಾರಿನ 32ನೇ ಒಂದು ಪಾಲು), ಫ್ರಾನ್ಸಿನ ಲೆ ಮಾನ್‌ನ 24 ಗಂಟೆ ರೇಸಿನಲ್ಲಿ 1966ರಿಂದ 1971ರ ಒಳಗೆ ಓಡಿದ ಕಾರು, ಅಷ್ಟೇ. ಮೊದಲ ನಾಲ್ಕು ವರ್ಷ ಫೋರ್ಡ್ ಜಿಟಿ40 ವಂಶದ್ದೇ ಗೆಲುವು, ಕೊನೆಯ ಎರಡು ವರ್ಷ ಪೋರ್ಷೆ 917.

ಜಿಟಿ40ಕ್ಕೆ ಆ ಹೆಸರು ಬಂದದ್ದೇ ಅದರ 40 ಇಂಚು ಎತ್ತರದಿಂದ. 32ರಿಂದ ಭಾಗಿಸಿದರೆ ಒಂದೂಕಾಲು ಇಂಚು. ಮಾಡೆಲ್ ಬಂದ ದಿನವೇ ಸ್ಕೇಲ್ ಹಿಡಿದು ಅಳೆದೆ. ಕೂದಲೆಳೆ ಜಾಸ್ತಿ ಇತ್ತು. ಟೈರ್ ಉಜ್ಜಿದ ಮೇಲೆ ಸರಿಹೋಯಿತು.

ಆದರೆ ನನ್ನ ಹುಚ್ಚು ನಿಜಕ್ಕೂ ಏರಿದ್ದು ಮ್ಯಾಗ್ನೆಟ್ ಕಿತ್ತ ದಿನ. ಹೆಚ್ಚಿನ ಕಾರುಗಳ ಹೊಟ್ಟೆಯಡಿ ಒಂದು ಮ್ಯಾಗ್ನೆಟ್ ಇರುತ್ತದೆ. ಟ್ರ್ಯಾಕಿನ ಲೋಹಕ್ಕೆ ಅದು ಕಾರನ್ನು ಕಚ್ಚಿ ಹಿಡಿಸುತ್ತದೆ. ತಿರುವಿನಲ್ಲೂ ಟ್ರಿಗರ್ ಬಿಡಬೇಕಾಗಿಲ್ಲ. ಅದೇ ತೊಂದರೆ. ಫೋರ್ಡ್ ಆದರೇನು, ಪೋರ್ಷೆ ಆದರೇನು, ಎಲ್ಲವೂ ಒಂದೇ ಥರ ಓಡುತ್ತವೆ. ಹಾಗಾದರೆ ಬೇರೆ ಬೇರೆ ಕಾರು ಯಾಕೆ ಕೊಳ್ಳಬೇಕು, ಅಲ್ವಾ?

ಕಿತ್ತೆ. ಮೊದಲ ತಿರುವಿಗೇ ಜಿಟಿ40 ಹಾರಿ ಮೇಜಿನ ಕಾಲಿಗೆ ಬಡಿಯಿತು. ಕನ್ನಡಿ ಇವತ್ತಿನವರೆಗೂ ಸಿಕ್ಕಿಲ್ಲ.

ಆಮೇಲೆ ಕಲಿತದ್ದರಲ್ಲಿ ಮುಕ್ಕಾಲು ಪಾಲು ಟೈರಿನದ್ದೇ. ಹೊಸ ಟೈರ್ ನೋಡಲು ಗುಂಡಗಿದ್ದರೂ ಗುಂಡಗಿರುವುದಿಲ್ಲ. ಟ್ರ್ಯಾಕಿನ ಮೇಲೆ ಸ್ಯಾಂಡ್ ಪೇಪರ್ ಅಂಟಿಸಿ, ಗೈಡ್ ಸೀಳಿನಲ್ಲೇ ಇರುವ ಹಾಗೆ ಕಾರನ್ನು ಹಗುರವಾಗಿ ಹಿಡಿದು, ಹಿಂದಿನ ಚಕ್ರ ನಿಧಾನವಾಗಿ ತಿರುಗಲು ಬಿಡುತ್ತೇನೆ. ಐದಾರು ಸೆಕೆಂಡು ಉಜ್ಜು, ನಿಲ್ಲಿಸು, ಬೆರಳಿಟ್ಟು ನೋಡು. ಹೊಳಪು ಪೂರ್ತಿ ಹೋಗಿ ಟೈರಿನ ಅಗಲಕ್ಕೂ ಒಂದೇ ಮಬ್ಬು ಬಂದರೆ ಸಾಕು. ಅವಸರ ಮಾಡಿದರೆ ರಬ್ಬರ್ ಬಿಸಿಯಾಗಿ ಕಿತ್ತುಬರುತ್ತದೆ. ಒಂದು ಜೊತೆ ಹಾಗೇ ಹಾಳುಮಾಡಿದ್ದೇನೆ.

ಇನ್ನೊಂದು ಗುಟ್ಟು ಬಾಡಿ ಸ್ಕ್ರೂ. ಬಿಗಿ ಮಾಡಿ, ಅರ್ಧ ಸುತ್ತು ಸಡಿಲಿಸಿ. ಬೆರಳಲ್ಲಿ ಅಲ್ಲಾಡಿಸಿದರೆ ಬಾಡಿ ಸ್ವಲ್ಪ ಟಕಟಕ ಅನ್ನಬೇಕು. ಆಗ ಕುಲುಕಾಟ ಬಾಡಿಯಲ್ಲೇ ಕಳೆದುಹೋಗಿ ಚಕ್ರಗಳು ನೆಲ ಬಿಡುವುದು ಕಡಿಮೆಯಾಗುತ್ತದೆ. ಗೈಡ್ ಹಿಂದೆ ಸೀಸದ ಸಣ್ಣ ತುಂಡು ಅಂಟಿಸಿದೆ, ವೋಲ್ಟೇಜನ್ನು 12ರಿಂದ 10ಕ್ಕೆ ಇಳಿಸಿದೆ. ಆಕ್ಸಲ್‌ಗೆ ಒಂದೇ ಹನಿ ಎಣ್ಣೆ. ಎರಡನೇ ಹನಿ ಟೈರಿಗೆ ಹೋಗುತ್ತದೆ, ನಂಬಿ.

ಈಗ ಎರಡೂ ಕಾರಿನ ಸ್ವಭಾವ ಬೇರೆ. ನನ್ನ ಜಿಟಿ40ರಲ್ಲಿ ಮೋಟಾರ್ ಅಡ್ಡ ಕೂತಿದೆ, ಬಾಲ ಮೆಲ್ಲಗೆ ಜಾರುತ್ತದೆ, ಹಿಡಿಯಲು ಸಮಯ ಕೊಡುತ್ತದೆ. 917ರಲ್ಲಿ ಮೋಟಾರ್ ಉದ್ದಕ್ಕಿದೆ. ಅದು ಮುನ್ಸೂಚನೆ ಕೊಡದೆ ಸೀಳು ಬಿಡುತ್ತದೆ. ನಿಜವಾದ 917 ಕೂಡ 1969ರಲ್ಲಿ ಡ್ರೈವರ್‌ಗಳನ್ನು ಹೆದರಿಸಿತ್ತು. ಆ ವರ್ಷ ಆಸ್ಟ್ರಿಯಾದಲ್ಲಿ ಪರೀಕ್ಷೆ ಮಾಡುವಾಗ ಬಾಡಿಯ ಮುಂಭಾಗಕ್ಕೆ ಸತ್ತ ಹುಳುಗಳು ಮೆತ್ತಿದ್ದವು, ಬಾಲ ಮಾತ್ರ ಚೊಕ್ಕಟ. ಅಂದರೆ ಗಾಳಿ ಬಾಲಕ್ಕೆ ತಾಗುತ್ತಲೇ ಇಲ್ಲ! ಬಾಲ ಮೋಟು ಮಾಡಿ ಎತ್ತಿದರು. 917ಕೆ ಹುಟ್ಟಿದ್ದು ಹಾಗೆ.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಆ 917ನ್ನು ಎರಡು ವರ್ಷ ಡಬ್ಬಿಯಲ್ಲೇ ಬಿಟ್ಟಿದ್ದೆ. ತೆಗೆದಾಗ ಬ್ರೇಡ್ ಕಪ್ಪಾಗಿತ್ತು, ಟೈರಿನ ಒಂದು ಬದಿ ಚಪ್ಪಟೆ. ಈಗ ತಿಂಗಳಿಗೊಮ್ಮೆಯಾದರೂ ಓಡುವ ಕಾರುಗಳನ್ನೆಲ್ಲ ಓಡಿಸುತ್ತೇನೆ, ಇಡುವಾಗ ಚಕ್ರ ನೆಲ ಮುಟ್ಟದ ಹಾಗೆ ಇಡುತ್ತೇನೆ.

ನನ್ನ ಜಿಟಿ40 ತಿಳಿನೀಲಿ ಬಣ್ಣದ, ಕಿತ್ತಳೆ ಪಟ್ಟಿಯ 6ನೇ ನಂಬರಿನದು. 1969ರ ಲೆ ಮಾನ್‌ನಲ್ಲಿ ಡ್ರೈವರ್ ಜಾಕಿ ಇಕ್ಸ್, ರೇಸ್ ಶುರುವಾದಾಗ ಎಲ್ಲರೂ ಓಡಿ ಕಾರು ಹತ್ತುವಾಗ, ಆ ಪದ್ಧತಿ ಅಪಾಯ ಅಂತ ತೋರಿಸಲು ಆರಾಮಾಗಿ ನಡೆದು ಹೋಗಿ ಬೆಲ್ಟ್ ಕಟ್ಟಿಕೊಂಡು ಕೊನೆಯಲ್ಲಿ ಹೊರಟದ್ದು ಇದೇ ಕಾರಿನಲ್ಲಿ. 24 ಗಂಟೆ ಕಳೆದಾಗ ಹಾನ್ಸ್ ಹರ್ಮನ್‌ನ ಪೋರ್ಷೆ 908ಗಿಂತ ನೂರು ಚಿಲ್ಲರೆ ಮೀಟರ್ ಮುಂದಿದ್ದ. ಮರುವರ್ಷ ಅದೇ ಹರ್ಮನ್, ರಿಚರ್ಡ್ ಆಟ್‌ವುಡ್ ಜೊತೆ ಕೆಂಪು-ಬಿಳಿ 917ರಲ್ಲಿ ಗೆದ್ದು ರೇಸಿಗೇ ವಿದಾಯ ಹೇಳಿದ. ಆ 23ನೇ ನಂಬರೂ ನನ್ನ ಹತ್ತಿರ ಇದೆ.

ಇಕ್ಸ್ ಓಡಿಸಿದ ಅದೇ ಕಾರು ಹಿಂದಿನ ವರ್ಷವೂ ಗೆದ್ದಿತ್ತು, ಆಗ ನಂಬರ್ 9. ಅದನ್ನೂ ಕೊಳ್ಳಬೇಕು ಅಂದಾಗ ಮನೆಯವರು 6ನ್ನೇ ತಲೆಕೆಳಗು ಮಾಡಿ ಅಂಟಿಸಿಕೊಳ್ಳಿ ಅಂದರು. ಸದ್ಯಕ್ಕೆ ಸುಮ್ನಿದ್ದೇನೆ. 908 ಒಂದು ಸಿಕ್ಕರೆ ಮತ್ತೆ ಮಾತು ತೆಗೆಯುತ್ತೇನೆ.