ಟಿವಿಗೆ ವೆಬ್‌ಸೈಟ್ ಮಾಡುವಾಗ ನಾನು ಕಲಿತದ್ದು

ಟಿವಿಗಾಗಿ ನಾನು ಮಾಡಿದ ಮೊದಲ ಸೈಟ್‌ನಲ್ಲಿ ಇದ್ದದ್ದು ಸಾಲು ಸಾಲು ವಿಡಿಯೋ ಕಾರ್ಡ್‌ಗಳು. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಕಾಣುತ್ತಿತ್ತು. ಟಿವಿಯಲ್ಲಿ ತೆರೆದು ರಿಮೋಟ್‌ನ ಬಾಣದ ಬಟನ್ ಒತ್ತಿದೆ. ಏನೂ ಆದಂತೆ ಕಾಣಲಿಲ್ಲ. ಫೋಕಸ್, ಅಂದರೆ ಪೇಜ್‌ನಲ್ಲಿ ಆ ಕ್ಷಣ ಆಯ್ಕೆಯಾಗಿರುವ ಜಾಗ, ಮುಂದಿನ ಕಾರ್ಡ್‌ಗೆ ಹೋಗಿಯೇ ಇತ್ತು, ಆದರೆ ಅಂದಕ್ಕೆಂದು ಅದರ ಸುತ್ತಲಿನ ಗೆರೆಯನ್ನು ನಾನೇ ಸಿಎಸ್‌ಎಸ್‌ನಲ್ಲಿ (ಪೇಜ್ ಹೇಗೆ ಕಾಣಬೇಕು ಅಂತ ಹೇಳುವ ಕೋಡ್) ತೆಗೆದುಹಾಕಿದ್ದೆ. ಮೌಸ್ ಇಲ್ಲ, ಬೆರಳಿಟ್ಟು ಮುಟ್ಟುವ ಹಾಗಿಲ್ಲ. ಈಗ ಎಲ್ಲಿದ್ದೇನೆ ಅಂತ ನೋಡುವವರಿಗೆ ಗೊತ್ತಾಗುವುದು ಫೋಕಸ್‌ನಿಂದ ಮಾತ್ರ. ಆಮೇಲೆ ದಪ್ಪ ಬಿಳಿ ಅಂಚು ಹಾಕಿ, ಆರಿಸಿದ ಕಾರ್ಡನ್ನು ಸ್ವಲ್ಪ ದೊಡ್ಡದು ಮಾಡಿದೆ.

ಜಾಸ್ತಿ ಸಮಯ ತಿಂದದ್ದೂ ಫೋಕಸ್ಸೇ. ಪೇಜ್‌ನಲ್ಲಿ ಏನೇನಿದೆ ಅಂತ ಹೇಳುವ ಎಚ್‌ಟಿಎಂಎಲ್ ಕೋಡ್‌ನಲ್ಲಿ ಬರೆದ ಕ್ರಮದಲ್ಲೇ ಅದನ್ನು ಸಾಗಿಸುತ್ತಿದ್ದೆ. ಹಾಗಾಗಿ ಕೆಳಬಾಣ ಒತ್ತಿದರೆ ಬಲಗಡೆಯ ಕಾರ್ಡ್‌ಗೆ ಹೋಗುತ್ತಿತ್ತು! ಆ ಕೋಡ್ ಬಿಟ್ಟು, ಪರದೆಯ ಮೇಲೆ ಪ್ರತಿ ಕಾರ್ಡ್ ಇರುವ ಜಾಗ ಅಳೆದು, ಒತ್ತಿದ ದಿಕ್ಕಿನಲ್ಲಿ ಹತ್ತಿರದ್ದನ್ನು ಹುಡುಕುವ ಹಾಗೆ ಬರೆದೆ. ಒಂದು ಸಾಲಿನ ಐದನೇ ಕಾರ್ಡ್‌ನಿಂದ ಕೆಳಗಿಳಿದು ಮತ್ತೆ ಮೇಲೆ ಬಂದರೆ ಐದನೆಯದಕ್ಕೇ ಬರಬೇಕು ಅಲ್ವಾ? ಅದಕ್ಕೆ ಪ್ರತಿ ಸಾಲಿನಲ್ಲಿ ಫೋಕಸ್ ಕೊನೆಯ ಸಲ ಇದ್ದ ಜಾಗವನ್ನು ಕೋಡ್ ನೆನಪಿಟ್ಟುಕೊಳ್ಳುವ ಹಾಗೆ ಮಾಡಿದೆ. ಆದರೂ ಒಂದು ತೊಂದರೆ ಉಳಿಯಿತು. ಪಟ್ಟಿ ಹೊಸದಾಗಿ ಲೋಡ್ ಆದಾಗ ಫೋಕಸ್ ಇದ್ದ ಕಾರ್ಡೇ ಅಳಿಸಿಹೋಗುತ್ತಿತ್ತು. ರಿಮೋಟ್ ಕೆಟ್ಟಿದೆ ಅನ್ನುವ ಹಾಗೆ ಯಾವ ಬಾಣ ಒತ್ತಿದರೂ ಪೇಜ್ ಕದಲುತ್ತಿರಲಿಲ್ಲ. ಈಗ ಏನನ್ನಾದರೂ ಅಳಿಸುವ ಮೊದಲು ಫೋಕಸ್ ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸುತ್ತೇನೆ.

ರಿಮೋಟ್‌ನ ಪ್ರತಿ ಬಟನ್ ಒತ್ತಿದಾಗ ಪೇಜ್‌ಗೆ ಒಂದು ಸಂಖ್ಯೆ, ಅಂದರೆ ಕೀ ಕೋಡ್ ಬರುತ್ತದೆ. ಬಾಣಗಳಿಗೆ 37ರಿಂದ 40ರವರೆಗಿನ ಕೀ ಕೋಡ್ ಸಾಕು. ಬ್ಯಾಕ್ ಬಟನ್ ಹಾಗಲ್ಲ: ಸ್ಯಾಮ್‌ಸಂಗ್ ಟಿವಿಗಳನ್ನು ನಡೆಸುವ ಟೈಜನ್ ಸಾಫ್ಟ್‌ವೇರ್‌ನಲ್ಲಿ 10009, ಎಲ್‌ಜಿಯ ವೆಬ್‌ಓಎಸ್‌ನಲ್ಲಿ 461. ಎರಡನ್ನೂ ನೋಡಿಕೊಳ್ಳಬೇಕು.

ಕೆಲವು ಟಿವಿಗಳು ಚಿತ್ರದ ಅಂಚನ್ನು ಕತ್ತರಿಸುತ್ತವೆ. 1920×1080 ಪರದೆಯಲ್ಲಿ ಎಡಬಲಕ್ಕೆ 96, ಮೇಲೆ ಕೆಳಗೆ 54 ಪಿಕ್ಸೆಲ್ ಬಿಟ್ಟೇ ನಾನು ಅಕ್ಷರಗಳನ್ನು ಇಡುತ್ತೇನೆ. 1996ರಲ್ಲಿ ಟಿವಿಯಲ್ಲೇ ಇಂಟರ್ನೆಟ್ ತೋರಿಸುವ ವೆಬ್‌ಟಿವಿ ಅನ್ನುವ ಪೆಟ್ಟಿಗೆ ಬಂದಾಗ ಪೇಜ್‌ಗೆ ಸಿಗುತ್ತಿದ್ದ ಅಗಲವೇ 544 ಪಿಕ್ಸೆಲ್. ಅದರಲ್ಲೇ ಎಲ್ಲವನ್ನೂ ಹೊಂದಿಸಿದವರನ್ನು ನೆನೆದರೆ ನನಗೆ ಗೌರವ ಮೂಡುತ್ತದೆ. ಅಕ್ಷರ 28 ಪಿಕ್ಸೆಲ್‌ಗಿಂತ ಚಿಕ್ಕದು ಮಾಡುವುದಿಲ್ಲ. ಮೂರು ಮೀಟರ್ ದೂರ ಕೂತು ಓದಿ ನೋಡುತ್ತೇನೆ.

ಜನ ಟಿವಿಯನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ, ಅದರ ಬ್ರೌಸರ್ ಎಂಜಿನ್ (ಪೇಜನ್ನು ಪರದೆಗೆ ತರುವ ಸಾಫ್ಟ್‌ವೇರ್) ಮಾತ್ರ ಹಳೆಯದೇ ಉಳಿದಿರುತ್ತದೆ. 2018ರ ಒಂದು ಟಿವಿಯಲ್ಲಿ ನನ್ನ ಕಾರ್ಡ್‌ಗಳೆಲ್ಲ ಒಂದರ ಕೆಳಗೊಂದು ಉದ್ದಕ್ಕೆ ನಿಂತವು. ಅದರಲ್ಲಿದ್ದದ್ದು ಕ್ರೋಮಿಯಂ ಅನ್ನುವ ಎಂಜಿನ್‌ನ 56ನೇ ಆವೃತ್ತಿ. ಕಾರ್ಡ್‌ಗಳನ್ನು ಅಡ್ಡಸಾಲು, ಉದ್ದಸಾಲುಗಳಲ್ಲಿ ಜೋಡಿಸಲು ನಾನು ಬಳಸಿದ್ದ ಸಿಎಸ್‌ಎಸ್ ಗ್ರಿಡ್ ಬಂದದ್ದು 57ರಲ್ಲಿ! ಎಲ್ಲವನ್ನೂ ಜೋಡಿಸುವ ಹಳೆಯ ವಿಧಾನವಾದ ಫ್ಲೆಕ್ಸ್‌ಬಾಕ್ಸ್‌ಗೆ ಬದಲಾಯಿಸಿದೆ. ನೆರಳು, ಬ್ಲರ್ ಎಲ್ಲ ತೆಗೆದ ಮೇಲೆ ಸ್ಕ್ರಾಲ್ ಕೂಡ ತಡವರಿಸುವುದು ನಿಂತಿತು. ಈ ತೊಂದರೆಗಳು ಯಾವುವೂ ಕಂಪ್ಯೂಟರ್‌ನಲ್ಲಿ ಟಿವಿಯಂತೆ ನಡೆಯುವ ಎಮ್ಯುಲೇಟರ್‌ನಲ್ಲಿ ಕಂಡಿರಲಿಲ್ಲ.

ಲಾಗಿನ್ ಪೇಜನ್ನು ಮಾತ್ರ ಎರಡು ಸಲ ಬರೆದೆ. ರಿಮೋಟ್‌ನಲ್ಲಿ ಒಂದೊಂದೇ ಅಕ್ಷರ ಆರಿಸಿ ಪಾಸ್‌ವರ್ಡ್ ಹಾಕುವುದು ಯಾರಿಗೂ ಬೇಡ. ಈಗ ಟಿವಿಯಲ್ಲಿ ಒಂದು ಚಿಕ್ಕ ಕೋಡ್ ತೋರಿಸುತ್ತೇನೆ. ಅದನ್ನು ಫೋನ್‌ನಲ್ಲಿ ಹಾಕಿದರೆ ಆಯ್ತು. ಟಿವಿ ಐದು ಸೆಕೆಂಡಿಗೊಮ್ಮೆ ಸರ್ವರ್ ಅನ್ನು ಕೇಳುತ್ತಿರುತ್ತದೆ, ಒಪ್ಪಿಗೆ ಸಿಕ್ಕಿದ ಕೂಡಲೇ ಒಳಗೆ ಬಿಡುತ್ತದೆ. ಆ ಕೋಡ್‌ನಲ್ಲಿ ಸೊನ್ನೆಯನ್ನೂ ಇಂಗ್ಲಿಷಿನ ಓ ಅಕ್ಷರವನ್ನೂ ಬಳಸುವುದಿಲ್ಲ. ದೂರದಿಂದ ಎರಡೂ ಒಂದೇ ಥರ ಕಾಣುತ್ತವೆ.