ರಾಮೆನ್, ಥಾಯ್ ಕರಿ ತಿನ್ನಲು ಹೊರಟವರಿಗೆ

ಕಳೆದ ವಾರ ಚಿಕ್ಕಮಗಳೂರಿನ ಒಂದು ಏಷ್ಯನ್ ರೆಸ್ಟೋರೆಂಟಿಗೆ ಮನೆಯವರೆಲ್ಲ ಹೋಗಿದ್ದೆವು. ನೋಡಲು ಚೆಂದ, ರೇಟೂ ಪರವಾಗಿಲ್ಲ. ಆದರೆ ಶನಿವಾರ, ಭಾನುವಾರ ಬೇಡ. ಮುಳ್ಳಯ್ಯನಗಿರಿ ಇಳಿದು ಬಂದ ಪ್ರವಾಸಿಗರ ಹಿಂದೆ ಮುಕ್ಕಾಲು ಗಂಟೆ ಬಾಗಿಲಲ್ಲೇ ನಿಂತೆವು.

ಸಸ್ಯಾಹಾರಿಗಳು ಸುಮ್ನೆ ‘ವೆಜ್ ಇದೆಯಾ’ ಎಂದು ಕೇಳಿದರೆ ಸಾಲದು. ಥಾಯ್ ಕರಿ ಪೇಸ್ಟಿಗೆ ಸಾಮಾನ್ಯವಾಗಿ ಸಿಗಡಿ, ಕಿಮ್ಚಿಗೆ (ಕೊರಿಯಾದ ಎಲೆಕೋಸಿನ ಉಪ್ಪಿನಕಾಯಿ) ಮೀನಿನ ಸಾಸ್ ಹಾಕುತ್ತಾರೆ. ‘ಸಿಗಡಿ, ಫಿಶ್ ಸಾಸ್ ಇಲ್ಲದೆ ಮಾಡ್ತೀರಾ?’ ಎಂದೇ ಕೇಳಿ. ನಮ್ಮತ್ತೆಗಾಗಿ ಕೇಳಿದಾಗ ಹುಡುಗ ಅಡುಗೆಮನೆಗೆ ಹೋಗಿ ವಿಚಾರಿಸಿ ಬಂದ. ‘ಗ್ರೀನ್ ಕರಿ ಬೇಡ ಆಂಟಿ, ತೋಫು ನೂಡಲ್ಸ್ ತಗೊಳ್ಳಿ’ ಎಂದ. ತೋಫು ಅಂದರೆ ಸೋಯಾ ಪನೀರ್. ಒಳ್ಳೆ ಹುಡುಗ.

ರಾಮೆನ್ ಅಂದರೆ ಜಪಾನಿನ ಸಾರಿನ ನೂಡಲ್ಸ್. ಒಂದು ಬೌಲ್ ತರಿಸಿದರೆ ನಮ್ಮಂಥ ಇಬ್ಬರಿಗೆ ಸಾಕು. ಬಿಸಿ ಇರುವಾಗಲೇ ತಿನ್ನಿ. ನಾನು ಫೋಟೋ ತೆಗೆಯುತ್ತಾ ಕೂತೆ, ಅಷ್ಟರಲ್ಲಿ ನೂಡಲ್ಸ್ ಸಾರನ್ನೆಲ್ಲ ಹೀರಿ ಶಾವಿಗೆ ಮುದ್ದೆಯಾಗಿತ್ತು!

ಬಿಲ್ ನೋಡಿ ಕೊಡಿ. 5% ಜಿಎಸ್‌ಟಿ ಸರಿ. ಸರ್ವಿಸ್ ಚಾರ್ಜ್ ಮಾತ್ರ ಕಡ್ಡಾಯವಲ್ಲ, 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಇದನ್ನು ಹೇಳಿದೆ. ಬೇಡ ಎಂದರೆ ತೆಗೆಯಬೇಕು. ಹಾಂ, ಒಳಗೆ ಲೈಟು ತೀರಾ ಮಂದ. ಮೆನು ಓದಲು ಕನ್ನಡಕ ಮರೀಬೇಡಿ.